ಅಮ್ಮ "ನನ್ನ ಕರುಳು ಕೊಳೆತಿದೆ, ಪೊಲೀಸ್ನೋರು ಬರ್ತಾರೆ" ಅಂತಿದಾರೆ, ಇದು ಡಿಪ್ರೆಶನ್ನಾ ಬೇರೆ ಏನಾದ್ರೂನಾ?

ತೋಟದಮನೆ_ಮಗಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ಮಮ್ಮಂಗೆ 64. ಊರು ಕೊಡಗಿನ ಸಿದ್ದಾಪುರದ ಕಡೆ, ತೋಟದ ಮನೆ, ಅಲ್ಲಿ ಅಪ್ಪ ಮತ್ತೆ ಅಣ್ಣ ಇದಾರೆ, ನಾನು ಮದುವೆಯಾಗಿ ಮೈಸೂರಲ್ಲಿ. ಕಾಫಿ ಕುಯ್ಲು ಮುಗಿದ ಮೇಲೆ ಶುರುವಾಗಿದ್ದು. ಮೊದಲು ಕಣದ ಕಡೆ ಹೋಗೋದು ಬಿಟ್ರು, ಆಮೇಲೆ ಹೂಕುಂಡಗಳನ್ನ ನೋಡೋದು ಬಿಟ್ರು, ಈಗ ಅಡುಗೆಮನೆಗೂ ಬರಲ್ಲ. ಊಟ ಎರಡು ತುತ್ತು. ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ಕೈ ಹಿಸುಕ್ಕೊಂಡು ಹಾಲಲ್ಲಿ ಓಡಾಡ್ತಾರೆ, ಬೆಳಗ್ಗೆ ಹೊತ್ತು ನೋಡಕ್ಕಾಗಲ್ಲ, ಸಂಜೆ ಆದ್ರೆ ಒಂಚೂರು ಪರವಾಗಿಲ್ಲ. ಬಳೆ ಎಲ್ಲ ಮೊಣಕೈವರೆಗೂ ಜಾರ್ತಿದೆ ಅಷ್ಟು ಇಳಿದೋಗಿದಾರೆ.

ಇಷ್ಟೇ ಆಗಿದ್ರೆ ವಯಸ್ಸು, ಬೇಜಾರು ಅಂದ್ಕೋತಿದ್ವೇನೋ. ಆದ್ರೆ ಈಗ "ನನ್ನ ಕರುಳು ಕೊಳೆತುಹೋಗಿದೆ, ತಿಂದಿದ್ದು ಕೆಳಗೆ ಇಳಿಯಲ್ಲ, ಎಲ್ಲ ಅಲ್ಲೇ ನಿಂತಿದೆ" ಅಂತಾರೆ. ಎಂಡೋಸ್ಕೋಪಿ ಆಯ್ತು ಸ್ಕ್ಯಾನಿಂಗ್ ಆಯ್ತು ಎಲ್ಲ ನಾರ್ಮಲ್, ರಿಪೋರ್ಟ್ ತೋರಿಸಿದ್ರೆ ನೀವೆಲ್ಲ ಸೇರ್ಕೊಂಡು ಸುಳ್ಳು ಬರೆಸ್ಕೊಂಡು ಬಂದಿದೀರ ಅಂತಾರೆ. ಇನ್ನೊಂದು ವಿಷ್ಯ, ತುಂಬಾ ವರ್ಷದ ಹಿಂದೆ ನಮ್ಮ ಲೈನ್ ಮನೇಲಿದ್ದ (ತೋಟದ ಕೆಲಸದವರ ಮನೆ) ಒಬ್ಬರ ಮಗುಗೆ ಜ್ವರ ಬಂದಾಗ ಜೀಪ್ ಕಳ್ಸೋದು ಲೇಟಾಗಿತ್ತಂತೆ, ಆ ಮಗು ನನ್ನಿಂದಾನೇ ಸತ್ತಿದ್ದು, ಪೊಲೀಸ್ನೋರು ಬರ್ತಾರೆ, ನಿಮ್ಮನ್ನೂ ಎಳ್ಕೊಂಡು ಹೋಗ್ತಾರೆ ಅಂತ ದಿನಾ ಇದೇ. ಆ ಮಗು ಸತ್ತೇ ಇಲ್ಲ ರೀ, ಈಗ ಕುಶಾಲನಗರದಲ್ಲಿ ಆಟೋ ಓಡಿಸ್ಕೊಂಡು ಚೆನ್ನಾಗಿದಾನೆ! ಅಣ್ಣ ಅವನನ್ನ ಮನೆಗೇ ಕರ್ಕೊಂಡು ಬಂದು ಎದುರಿಗೆ ನಿಲ್ಲಿಸಿದ, ಅಮ್ಮ ಮುಖ ನೋಡಿ "ಇವನು ಬೇರೆ ಯಾರೋ" ಅಂದ್ಬಿಟ್ರು. ತೀರಿಹೋಗಿರೋ ನಮ್ಮಜ್ಜಿ ಅಡುಗೆಮನೆಯಿಂದ ಬಯ್ಯೋದು ಬೇರೆ ಕೇಳಿಸುತ್ತಂತೆ.

ನೆನಪೇನೂ ಹೋಗಿಲ್ಲ, ಯಾವ ವರ್ಷ ಮೆಣಸು ಯಾರಿಗೆ ಕೊಟ್ವಿ ಅಂತ ಕೇಳಿದ್ರೆ ನಿಧಾನಕ್ಕಾದ್ರೂ ಸರಿಯಾಗೇ ಹೇಳ್ತಾರೆ. ಒಬ್ಬ ಡಾಕ್ಟ್ರಿಗೆ ತೋರಿಸಿದ್ವಿ, ಅವರ ಮುಂದೆ "ನಿದ್ದೆ ಬರಲ್ಲ, ಹೊಟ್ಟೆ ಸರಿಯಿಲ್ಲ" ಅಷ್ಟೇ ಅಂದ್ರು, ಡಿಪ್ರೆಶನ್ ಅಂತ ಒಂದು ಮಾತ್ರೆ ಬರ್ಕೊಟ್ರು, ತಿಂಗಳ ಮೇಲಾಯ್ತು ಏನೂ ವ್ಯತ್ಯಾಸ ಇಲ್ಲ. ಮನೆ ಕಡೆಯವರು ಗುರುಕಾರಣರಿಗೆ (ನಮ್ಮ ಕುಲದ ಹಿರಿಯರಿಗೆ) ಮೀದಿ, ಅಂದ್ರೆ ಎಡೆ ಇಡೋದ್ರಲ್ಲಿ ಏನೋ ಲೋಪ ಆಗಿದೆ ಅಂತಿದಾರೆ. ಬರೀ ಡಿಪ್ರೆಶನ್ ಇರೋರಿಗೆ ಹೀಗೆಲ್ಲ ಧ್ವನಿ ಕೇಳಿಸುತ್ತಾ? ಸ್ಕಿಜೋಫ್ರೇನಿಯಾನಾ? ಹುಷಾರಾಗ್ತಾರಾ? ಅವರು ಪೊಲೀಸ್ ಬರ್ತಾರೆ ಅಂದಾಗ ಹೌದು ಅನ್ಬೇಕಾ ಇಲ್ಲ ಅನ್ಬೇಕಾ ಅದೂ ತಿಳೀತಿಲ್ಲ.

ಕಕ್ಕಡದ_ಕೊಡೆ:

ಈ ಮಳೇಲಿ ಯಾರಿಗೆ ಮಂಕು ಹಿಡಿಯಲ್ಲ ಹೇಳಿ, ವಾರಗಟ್ಲೆ ಬಿಸಿಲಿಲ್ಲ, ಕರೆಂಟಿಲ್ಲ, ಆನೆ ಭಯಕ್ಕೆ ಸಂಜೆ ಆದ್ರೆ ಬಾಗಿಲು ಹಾಕ್ಕೊಂಡು ಕೂರೋದು. ಕಕ್ಕಡ ಮಾಸದ (ನಮ್ಮ ಮಳೆಗಾಲದ ತಿಂಗಳು) 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿ ಕೊಡಿ. ಒಂದ್ಸಲ ಕೇರಳಕ್ಕೆ ಹೋಗಿ ಪ್ರಶ್ನೆ ಇಡಿಸಿ ನೋಡಿ, ನಮ್ಮ ಕಡೆ ಒಬ್ರಿಗೆ ಅದ್ರಲ್ಲೇ ಸರಿಹೋಯ್ತು. ಈ ತಲೆ ಮಾತ್ರೆ ಎಲ್ಲ ಒಂದ್ಸಲ ಹಿಡಿದ್ರೆ ಆಯ್ತು ಜೀವನಪೂರ್ತಿ ಬಿಡಲ್ಲ.

ಸಂಪಾಜೆ_ಘಾಟಿ:

ಮೇಲಿನವರೇ ಪಾಯಸ ಕೊಡ್ಲಿ ಬೇಡ ಅನ್ನುದಿಲ್ಲ, ಆದ್ರೆ ಇದು ಮಳೆಯ ಮಂಕು ಅಲ್ಲ ಮಾರಾಯ್ರೆ, ಕುಯ್ಲು ಮುಗಿದಾಗಿಂದ ಅಂತ ಹೇಳಿದ್ದಾರಲ್ಲ, ಆಗ ಎಲ್ಲಿತ್ತು ಮಳೆ?

ನಮ್ಮ ಅಪ್ಪನಿಗೆ ಹೆಚ್ಚುಕಮ್ಮಿ ಇದೇ ಆದದ್ದು. ಅವರದ್ದು ಕರುಳಲ್ಲ, ಸಾಲ. ಸೊಸೈಟಿ ಸಾಲ ತೀರಿಸಿ ವರ್ಷಗಳೇ ಆಗಿತ್ತು, ಪತ್ರ ಬೀರಿನಲ್ಲಿ ಉಂಟು, ಆದ್ರೂ ತೋಟ ಹರಾಜಿಗೆ ಬಂದಿದೆ, ನಾವೆಲ್ಲ ಬೀದಿಗೆ ಬಿದ್ದೆವು ಅಂತ. ಆಮೇಲೆ ಊಟ ಬಿಟ್ರು, ನಾನು ತಿಂದ್ರೆ ಮಕ್ಕಳಿಗೆ ಉಳಿಯುದಿಲ್ಲ ಅಂತ ಕಾರಣ. ಪತ್ರ ತಂದು ತೋರಿಸಿದ್ದಕ್ಕೆ ಅದು ನಕಲಿ ಅಂದ್ರು. ನಿಮ್ಮ ಅಣ್ಣ ಆ ಹುಡುಗನನ್ನ ಕರ್ಕೊಂಡು ಬಂದದ್ದು ಓದಿ ನಂಗೆ ಅದೇ ನೆನಪಾಯ್ತು, ಸಾಕ್ಷಿ ಎಷ್ಟು ಗಟ್ಟಿ ಇದ್ರೂ ಅದು ಒಳಗೆ ಹೋಗುದೇ ಇಲ್ಲ, ವಾದ ಮಾಡಿದಷ್ಟೂ ಅವರು ಇನ್ನೂ ಒಂಟಿ ಆಗ್ತಾರೆ. ಹಾಗಂತ ಹೌದು ಪೊಲೀಸ್ ಬರ್ತಾರೆ ಅಂತ ಹೂಂಗುಟ್ಟುದೂ ಬೇಡ. ನಮಗೆ ಡಾಕ್ಟ್ರು ಹೇಳಿಕೊಟ್ಟದ್ದು, ವಿಷಯ ಬಿಟ್ಟು ಹೆದರಿಕೆಗೆ ಉತ್ತರ ಕೊಡಿ ಅಂತ. "ನಂಗೆ ಹಾಗೆ ಕಾಣ್ತಾ ಇಲ್ಲಪ್ಪ, ಆದ್ರೆ ನಿಮಗೆ ತುಂಬಾ ಹೆದರಿಕೆ ಆಗ್ತಾ ಉಂಟು ಅಂತ ಗೊತ್ತಾಗ್ತದೆ, ನಾನು ಇಲ್ಲೇ ಇದ್ದೇನೆ" ಇಷ್ಟೇ ಹೇಳಿ ಪಕ್ಕದಲ್ಲಿ ಕೂತ್ಕೊಳ್ಳುದು.

ಹುಷಾರಾದ್ರು. ಘಟ್ಟದ ಕೆಳಗೆ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ ಎರಡು ಥರದ ಮಾತ್ರೆ ಒಟ್ಟಿಗೆ ಕೊಟ್ರು, ನೀರೂ ಕುಡಿಯದ ಸ್ಥಿತಿ ಆದ್ದರಿಂದ ಕರೆಂಟ್ ಚಿಕಿತ್ಸೆಯೂ ಆಯ್ತು. ಈಗ ಅಡಿಕೆ ರೇಟಿಗೆ ನಮ್ಮತ್ರ ಜಗಳ ಆಡ್ತಾರೆ. ಹರಾಜಿನ ಮಾತು ಕೇಳಿದ್ರೆ ಅವರಿಗೇ ಆಶ್ಚರ್ಯ, ಹಾಗೆಲ್ಲ ಹೇಳ್ತಿದ್ದೆನಾ ಅಂತ.

ಮನೋವೈದ್ಯೆ_ವಿರಾಜಪೇಟೆ:

ನಾನು ಸೈಕಿಯಾಟ್ರಿಯಲ್ಲಿ ಕೆಲಸ ಮಾಡೋಳು. ನೋಡದೆ ಇದೇ ಕಾಯಿಲೆ ಅಂತ ಹೇಳಲ್ಲ, ಆದ್ರೆ ನೀವು ಬರೆದಿರೋ ಚಿತ್ರ ಸೈಕೋಸಿಸ್ (ವಾಸ್ತವದ ಅರಿವು ತಪ್ಪೋದು) ಜೊತೆಗಿರೋ ತೀವ್ರ ಡಿಪ್ರೆಶನ್‌ಗೆ ತುಂಬಾ ಹತ್ತಿರ ಇದೆ, ಹೌದು, ಡಿಪ್ರೆಶನ್ ಒಂದು ಮಟ್ಟ ದಾಟಿದ್ರೆ ಧ್ವನಿ ಕೇಳಿಸುತ್ತೆ, ಇಲ್ಲದ್ದು ಇದೆ ಅಂತ ಗಟ್ಟಿಯಾಗಿ ನಂಬಿಕೆ ಬರುತ್ತೆ, ವಯಸ್ಸಾದವರಲ್ಲಂತೂ ಹೆಚ್ಚು. ಗಮನಿಸಿ, ನಿಮ್ಮಮ್ಮನ ನಂಬಿಕೆಗಳೆಲ್ಲ ಒಂದೇ ಬಣ್ಣದವು: ನಾನು ತಪ್ಪು ಮಾಡಿದೀನಿ, ಶಿಕ್ಷೆ ಆಗ್ಬೇಕು, ದೇಹ ಹಾಳಾಗಿದೆ. ಸಂಪಾಜೆಯವರ ಅಪ್ಪನ ಬಡತನದ ನಂಬಿಕೆಯೂ ಇದೇ ಜಾತಿ. ಕೇಳಿಸೋ ಧ್ವನಿಯೂ ಬಯ್ಯೋ ಧ್ವನಿಯೇ. 1880ರಲ್ಲಿ ಪ್ಯಾರಿಸ್‌ನಲ್ಲಿ ಕೊಟಾರ್ ಅನ್ನೋ ವೈದ್ಯರು ಒಬ್ಬ ಹೆಂಗಸಿನ ಬಗ್ಗೆ ಹೇಳಿದ್ರು, ನನಗೆ ಮೆದುಳಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ, ಹಾಗಾಗಿ ಊಟ ಬೇಕಾಗಿಲ್ಲ ಅಂತಿದ್ದೋರು. ಯಾವ ದೇಶ ಯಾವ ಕಾಲ ಆದ್ರೂ ಇದರ ಮಾತು ಇಷ್ಟು ಹತ್ತಿರ ಇರೋದು ನೋಡಿ. ಸಿದ್ದಾಪುರದ ಕಾರಣರಿಗೂ ಪ್ಯಾರಿಸ್ಸಿನ ಹೆಂಗಸಿಗೂ ಏನು ಸಂಬಂಧ ಹೇಳಿ.

ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಚಿಕ್ಕ ವಯಸ್ಸಲ್ಲಿ ಶುರುವಾಗುತ್ತೆ, ಮನಸ್ಸು ಕುಗ್ಗದೇ ಇದ್ದಾಗಲೂ ಧ್ವನಿ, ಅನುಮಾನ ಇರುತ್ತೆ. ಇಲ್ಲಿ ಮೊದಲು ಮನಸ್ಸು ಕುಸೀತು, ನಿದ್ದೆ ಊಟ ಹೋಯ್ತು, ಅದರ ಮೇಲೆ ಇವೆಲ್ಲ ಬಂತು. ಆ ಕ್ರಮ ಮುಖ್ಯ, ಡಾಕ್ಟ್ರಿಗೆ ಹೇಳಿ. ಹಿಂದೆ ಯಾವಾಗಾದ್ರೂ ನಿದ್ದೆನೇ ಬೇಡ ಅನ್ನೋ ಹಾಗೆ ವಿಪರೀತ ಹುರುಪು, ಖರ್ಚು, ಮಾತು ಅಂತ ವಾರಗಟ್ಲೆ ಇದ್ರಾ ಅಂತ ಅಪ್ಪನ್ನ ಕೇಳಿ, ಇದ್ರೆ ಬೈಪೋಲಾರ್ ಆಗುತ್ತೆ, ಮಾತ್ರೆ ಲೆಕ್ಕಾನೇ ಬದಲಾಗುತ್ತೆ. 64ಕ್ಕೆ ಮೊದಲ ಸಲ ಬಂದಿದೆ ಅಂದ್ರೆ ದೇಹದ ಕಾರಣಗಳನ್ನೂ ನೋಡ್ಲೇಬೇಕು, ಥೈರಾಯ್ಡ್, ಬಿ12, ಸೋಡಿಯಂ, ಶುಗರ್, ಕಿಡ್ನಿ, ಅಗತ್ಯ ಬಿದ್ರೆ ತಲೆ ಸ್ಕ್ಯಾನ್, ಸ್ಟೀರಾಯ್ಡ್ ಏನಾದ್ರೂ ತಗೋತಿದ್ರಾ ಅಂತಲೂ. ಒಂದೆರಡು ದಿನದಲ್ಲಿ ದಿಢೀರ್ ಅಂತ ಬಂದು, ಯಾವ ಊರು ಯಾವ ಹೊತ್ತು ಅಂತ ಗೊತ್ತಾಗದೆ, ಗಳಿಗೆಗೊಂದು ಥರ ಆಗ್ತಿದ್ರೆ ಅದು ಡೆಲಿರಿಯಂ, ಸೋಂಕಿಂದಲೂ ಬರುತ್ತೆ, ಕುಡಿತ ದಿಢೀರ್ ನಿಲ್ಲಿಸಿದ್ರೂ ಬರುತ್ತೆ, ಅದು ಅವತ್ತೇ ಎಮರ್ಜೆನ್ಸಿಗೆ ಹೋಗೋ ವಿಷ್ಯ. ನೀವು ಬರೆದಿದ್ದು ಹಾಗೆ ಕಾಣಲ್ಲ.

ಈಗ ನಾನು ಒತ್ತಿ ಹೇಳ್ಬೇಕಾಗಿರೋದು. ನಿಮ್ಮಮ್ಮ ಡಾಕ್ಟ್ರ ಮುಂದೆ ನಿದ್ದೆ, ಹೊಟ್ಟೆ ಅಂತ ಮಾತ್ರ ಹೇಳಿದ್ರಲ್ಲ, ಈ ಕಾಯಿಲೆ ತಪ್ಪಿಹೋಗೋದೇ ಅಲ್ಲಿ. ಅವರಿಗೆ ಪೊಲೀಸ್ ವಿಷ್ಯ ರೋಗಲಕ್ಷಣ ಅಲ್ಲ, ಸತ್ಯ, ಅದನ್ನ ಹೊರಗಿನವರ ಮುಂದೆ ಯಾಕೆ ಬಾಯಿಬಿಡ್ತಾರೆ? ಆ ನಂಬಿಕೆ ಗೊತ್ತಾಗದಿದ್ರೆ ಯಾವ ಡಾಕ್ಟ್ರಾದ್ರೂ ಮಾಮೂಲಿ ಡಿಪ್ರೆಶನ್ ಅಂತ ಒಂದೇ ಮಾತ್ರೆ ಕೊಡ್ತಾರೆ, ಇದಕ್ಕೆ ಆ ಒಂದೇ ಮಾತ್ರೆ ಸಾಮಾನ್ಯವಾಗಿ ಸಾಲಲ್ಲ. ಡಿಪ್ರೆಶನ್ ಮಾತ್ರೆ ಮತ್ತೆ ಸೈಕೋಸಿಸ್ ಮಾತ್ರೆ ಎರಡೂ ಸೇರಿಸಿ ಕೊಡ್ಬೇಕು, ಇಲ್ಲ ಇಸಿಟಿ, ಅಂದ್ರೆ ಸಂಪಾಜೆಯವರು ಹೇಳಿದ ಕರೆಂಟ್ ಚಿಕಿತ್ಸೆ. ಹಾಗಾಗಿ ಇಲ್ಲಿ ಬರೆದಿದ್ದನ್ನೇ ಒಂದು ಹಾಳೇಲಿ ಬರೀರಿ, ಅಮ್ಮ ಹೇಳಿದ ಮಾತು ಅವರದ್ದೇ ಶಬ್ದದಲ್ಲಿ ಹಾಕಿ, ಅಮ್ಮ ಒಳಗೆ ಹೋಗೋಕೆ ಮುಂಚೆ ಡಾಕ್ಟ್ರ ಕೈಗೆ ಕೊಡಿ. ಈಗಿನ ಮಾತ್ರೆ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ.

ಇದರಲ್ಲಿ ಆತ್ಮಹತ್ಯೆ ಅಪಾಯ ಮಾಮೂಲಿ ಡಿಪ್ರೆಶನ್‌ಗಿಂತ ಜಾಸ್ತಿ. ನೇರವಾಗಿ ಕೇಳಿ, "ಅಮ್ಮ, ಬದುಕೋದೇ ಬೇಡ ಅನ್ನಿಸುತ್ತಾ, ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದ್ಯಾ" ಅಂತ. ಕೇಳಿದ್ರೆ ತಲೆಗೆ ಹೊಳೆಯುತ್ತೆ ಅನ್ನೋ ಭಯ ಬೇಡ, ಹಾಗಾಗಲ್ಲ.

ರೈಟರ್_ಮಾವ:

ಡಾಕ್ಟರಮ್ಮ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಎಸ್ಟೇಟಲ್ಲೇ ತಲೆ ಬೆಳ್ಳಗಾಗಿರೋನು ನಾನು. ಮನೇಲಿ ಕೋವಿ ಇದ್ಯಾ? ಇದ್ರೆ ಇವತ್ತೇ ಹೊರಗೆ ಹೋಗ್ಲಿ, ಬೀಗ ಹಾಕಿ ಇಡ್ತೀವಿ ಅನ್ಬೇಡಿ, ಬೀಗದ ಕೈ ಎಲ್ಲಿರುತ್ತೆ ಅಂತ ಅಮ್ಮಂಗೆ ಗೊತ್ತಿಲ್ವಾ. ಎಲೆಕ್ಷನ್ ಟೈಮಲ್ಲಿ ಸ್ಟೇಷನ್ನಿಗೆ ಡಿಪಾಸಿಟ್ ಮಾಡ್ತೀವಲ್ಲ, ಹಾಗೇ ಹೋಗಿ ಕೇಳಿ. ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆ ಹಬ್ಬ) ಬರ್ತಿದೆ, ಪೂಜೆಗೆ ಕೋವಿ ಬೇಕು ಅಂತ ಅಪ್ಪ ಹಠ ಹಿಡೀಬಹುದು, ಈ ವರ್ಷ ಒಡಿಕತ್ತಿ ಇಟ್ಟು ಪೂಜೆ ಮಾಡ್ಲಿ, ಆ ಒಡಿಕತ್ತಿನೂ ಪೂಜೆ ಆದ ತಕ್ಷಣ ಒಳಗೆ ಹೋಗ್ಲಿ. ತೋಟಕ್ಕೆ ಹೊಡೆಯೋ ಔಷಧಿ, ಕಳೆನಾಶಕ ಎಲ್ಲ ಮನೆ ಹಿಂದಿನ ಶೆಡ್ಡಲ್ಲಿ ಇಟ್ಟಿರ್ತೀರ, ಅದೂ ಬೇರೆ ಕಡೆ. ಮಾತ್ರೆ ಅಣ್ಣನ ಹತ್ರ ಇರ್ಲಿ. ಅಮ್ಮ ಮೂರಕ್ಕೆ ಏಳ್ತಾರೆ ಅಂದ್ರಲ್ಲ, ಆ ಹೊತ್ತಲ್ಲಿ ಯಾರಾದ್ರೂ ಜೊತೆಗೆ ಎದ್ದಿರ್ಬೇಕು, ಮನೆಯವರು ಸರದಿ ಹಾಕ್ಕೊಳ್ಳಿ.

ತೋಟದಮನೆ_ಮಗಳು:

ಓದ್ತಾ ಓದ್ತಾ ಕೈ ನಡುಗ್ತು. ಊರಿಗೆ ಬಂದಿದೀನಿ. ಕೋವಿ ಚಿಕ್ಕಪ್ಪನ ಕೈಲಿ ಸ್ಟೇಷನ್ನಿಗೆ ಕಳಿಸಿದ್ವಿ, ಅಪ್ಪ ಒಂದು ಮಾತಾಡ್ಲಿಲ್ಲ. ಅಮ್ಮನ್ನ ಕೇಳ್ದೆ, "ನಾನಿದ್ರೆ ನಿಮಗೆಲ್ಲ ಜೈಲು, ನಾನು ಹೋದ್ರೆ ನೀವು ಬಚಾವ್" ಅಂದ್ರು. ಆದ್ರೆ ಆಸ್ಪತ್ರೆಗೆ ಬರಲ್ಲ ಅಂತಾರೆ, ಅಲ್ಲಿಗೆ ಹೋದ್ರೆ ಅಲ್ಲೇ ಅರೆಸ್ಟ್ ಮಾಡ್ತಾರಂತೆ. ಬಲವಂತವಾಗಿ ಕರ್ಕೊಂಡು ಹೋಗ್ಬಹುದಾ? ಎಲ್ಲಿಗೆ ಹೋಗೋದು? ಕರೆಂಟ್ ಕೊಡ್ತಾರೆ ಅಂದ್ರೆ ಅಪ್ಪ ಬಿಲ್ಕುಲ್ ಒಪ್ಪಲ್ಲ.

ಮನೋವೈದ್ಯೆ_ವಿರಾಜಪೇಟೆ:

ಅವರು ಹೇಳಿದ ಆ ಮಾತು ಇದ್ಯಲ್ಲ, ಅದಾದ ಮೇಲೆ ಮುಂದಿನ ವಾರ ನೋಡೋಣ ಅನ್ನೋ ಹಾಗಿಲ್ಲ, ಇವತ್ತು ನಾಳೆಯಲ್ಲಿ ಹೋಗಿ. ಒಬ್ಬರನ್ನೇ ಬಿಡ್ಬೇಡಿ, ಬಾತ್‌ರೂಮ್ ಚಿಲಕ ಕೂಡ ತೆಗೆಸಿಡಿ.

ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೇಲಿ ಸೈಕಿಯಾಟ್ರಿ ವಿಭಾಗ ಇದೆ, ಹತ್ತಿರ ಅದೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತೆ, ಅದು ಆಮೇಲಿನ ಫಾಲೋಅಪ್‌ಗೆ ಒಳ್ಳೇದು, ಆದ್ರೆ ಈಗ ಮಂಗಳವಾರಕ್ಕೆ ಕಾಯ್ಬೇಡಿ. ಮೈಸೂರು ನಿಮಗೆ ಅನುಕೂಲ ಅಂದ್ರೆ ಅಲ್ಲೂ ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗ ಇದೆ, ಬೆಂಗಳೂರು ನಿಮ್ಹಾನ್ಸ್ ಎಮರ್ಜೆನ್ಸಿ ದಿನದ 24 ಗಂಟೆನೂ ತೆರೆದಿರುತ್ತೆ. ಮಳೇಲಿ ರಸ್ತೆಗೆ ನೀರು ಬಂದು ಸಿಕ್ಕಾಕ್ಕೊಂಡ್ರೆ, ರಾತ್ರಿ ಏನು ಮಾಡ್ಬೇಕು ಅಂತ ತೋಚದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲಿ ಮಾತಾಡ್ತಾರೆ.

ಕರ್ಕೊಂಡು ಹೋಗೋದಕ್ಕೆ, ಅವರು ಒಪ್ಪೋ ತೊಂದರೆ ಹಿಡ್ಕೊಳ್ಳಿ. ನಿದ್ದೆ ಇಲ್ಲ, ತೂಕ ಇಳೀತಿದೆ ಅಂತ ಅವರೇ ಹೇಳ್ತಾರಲ್ಲ, ಅದಕ್ಕೆ ಅಂತಲೇ ಹೊರಡಿಸಿ, ಅದು ಸುಳ್ಳೂ ಅಲ್ಲ. ಅದಕ್ಕೂ ಬರದೇ ಇದ್ರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪ್ರಾಣಕ್ಕೆ ಅಪಾಯ ಇರೋವಾಗ, ಇಲ್ಲ ತಮ್ಮನ್ನ ತಾವು ನೋಡ್ಕೊಳ್ಳಕ್ಕಾಗದಷ್ಟು ಆಗಿರೋವಾಗ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿ ಪರವಾಗಿ ನಿಲ್ಲೋರು) ಅರ್ಜಿ ಮೇಲೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷೆ ಮಾಡಿ ಅಡ್ಮಿಟ್ ಮಾಡ್ಕೊಬಹುದು, ಅವರಲ್ಲಿ ಒಬ್ಬರು ಸೈಕಿಯಾಟ್ರಿಸ್ಟ್ ಆಗಿರ್ಬೇಕು. ಮೊದಲಿಗೆ 30 ದಿನದವರೆಗೆ. ತಗೊಂಡೋಗಿ ಬೀಗ ಹಾಕಿ ಮರೆತುಬಿಡೋ ಕಾಲ ಅಲ್ಲ ಇದು ಅಂತ ಅಪ್ಪಂಗೆ ಹೇಳಿ.

ಇಸಿಟಿ ಬಗ್ಗೆ. ಅಪ್ಪನ ತಲೇಲಿ ಇರೋದು ಹಳೇ ಸಿನಿಮಾದ ದೃಶ್ಯ, ನಾಲ್ಕು ಜನ ಹಿಡ್ಕೊಂಡು ಕಿರುಚಾಡೋದು. ಅರಿವಳಿಕೆ ಮತ್ತೆ ಸ್ನಾಯು ಸಡಿಲಿಸೋ ಔಷಧಿ ಇಲ್ಲದೆ ಕೊಡೋದನ್ನ ಅದೇ ಕಾಯ್ದೆ ನಿಷೇಧ ಮಾಡಿದೆ. ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗ್ತಾರೆ, ಕೆಲವು ನಿಮಿಷ ಪ್ರಜ್ಞೆ ತಪ್ಪಿಸ್ತಾರೆ, ಫಿಟ್ಸ್ ಥರದ್ದು ಬರೋದು ಸಾಮಾನ್ಯವಾಗಿ ಒಂದು ನಿಮಿಷದೊಳಗೆ, ಅದೂ ಮೆದುಳಲ್ಲಿ, ಮೈ ಹೆಚ್ಚು ಅಲುಗಾಡಲ್ಲ. ಎದ್ದ ಮೇಲೆ ಸ್ವಲ್ಪ ಹೊತ್ತು ಗಲಿಬಿಲಿ, ತಲೆನೋವು. ವಾರಕ್ಕೆ ಎರಡು ಮೂರು ಸಲ, ಸಾಮಾನ್ಯವಾಗಿ ಒಟ್ಟು 6ರಿಂದ 12. ಆ ವಾರಗಳ ನೆನಪು ಮಸುಕಾಗಬಹುದು, ಕೆಲವರಿಗೆ ಕೆಲವು ನೆನಪು ವಾಪಸ್ ಬರದೇ ಇರೋದೂ ಉಂಟು, ಇದನ್ನ ಮುಚ್ಚಿಡಬಾರದು. ಆದ್ರೆ ಊಟ ನೀರು ಬಿಟ್ಟವರಿಗೆ, ಪ್ರಾಣಾಪಾಯ ಇರೋರಿಗೆ ಮಾತ್ರೆ ಕೆಲಸ ಮಾಡೋವರೆಗೆ ಕಾಯೋ ಟೈಮ್ ಇರಲ್ಲ, ಆಗ ನಾವು ಮೊದಲು ಯೋಚಿಸೋದೇ ಇದನ್ನ.

ಅಂಕಿ_ಕಾಫಿ:

ಅಪ್ಪಂಗೆ ನಂಬರ್ ಬೇಕಿದ್ರೆ, 2001ರ ಅಮೆರಿಕದ ಒಂದು ಅಧ್ಯಯನ ಇದೆ, 253 ಜನ ಡಿಪ್ರೆಶನ್‌ಗೆ ಇಸಿಟಿ ಕೋರ್ಸ್ ಮುಗಿಸಿದವರು, ಸೈಕೋಸಿಸ್ ಇದ್ದವರಲ್ಲಿ 95% ಜನ ಪೂರ್ತಿ ಚೇತರಿಸ್ಕೊಂಡ್ರು, ಇಲ್ಲದವರಲ್ಲಿ 83%. ಅಂದ್ರೆ ಜಾಸ್ತಿ ಸೀರಿಯಸ್ ಇರೋರಿಗೇ ಜಾಸ್ತಿ ಕೆಲಸ ಮಾಡಿದೆ. ಮಾತ್ರೆ ಬಗ್ಗೆ 2009ರದ್ದು, 259 ಜನ, ಓಲಾಂಜಪಿನ್ (ಸೈಕೋಸಿಸ್ ಮಾತ್ರೆ) ಜೊತೆ ಸರ್ಟ್ರಾಲಿನ್ (ಡಿಪ್ರೆಶನ್ ಮಾತ್ರೆ) ಕೊಟ್ಟವರಲ್ಲಿ ಸುಮಾರು 42% ಚೇತರಿಕೆ, ಬರೀ ಓಲಾಂಜಪಿನ್‌ಗೆ 24%. 12 ವಾರದ ಲೆಕ್ಕ ಅದು, ಹಾಗಾಗಿ ಎರಡೇ ವಾರಕ್ಕೆ ಮಾತ್ರೆ ಪ್ರಯೋಜನ ಇಲ್ಲ ಅಂತ ಬಿಡೋ ಕೆಲ್ಸ ಮಾಡ್ಬೇಡಿ.

ಕಕ್ಕಡದ_ಕೊಡೆ:

ಆಸ್ಪತ್ರೆ ಬೇಡ ಅಂತ ನಾನೇನು ಹೇಳಿಲ್ಲ. ಎರಡೂ ಆಗ್ಲಿ, ಕಾರಣರಿಗೆ ಮೀದಿನೂ ಇಡ್ಲಿ ಡಾಕ್ಟ್ರಿಗೂ ತೋರಿಸ್ಲಿ. ಮನೆಯವರಿಗೆ ಒಂದು ಸಮಾಧಾನ ಬೇಡ್ವಾ.

ಮನೋವೈದ್ಯೆ_ವಿರಾಜಪೇಟೆ:

ಮೀದಿ ಇಡ್ಲಿ, ನಂಗೇನೂ ತಕರಾರಿಲ್ಲ. ಮೂರು ಮಾತು ಮಾತ್ರ: ಅದು ಮುಗಿಯೋವರೆಗೆ ಆಸ್ಪತ್ರೆ ಮುಂದಕ್ಕೆ ಹಾಕ್ಬಾರ್ದು, ವ್ರತ ಅಂತ ಉಪವಾಸ ಕೆಡವಬಾರ್ದು, ಮತ್ತೆ ಅಮ್ಮನ ಎದುರಿಗೆ "ನಿನ್ನಿಂದ ಲೋಪ ಆಯ್ತು" ಅನ್ನೋ ಮಾತು ಬರಲೇಬಾರ್ದು. ಮೊದಲೇ ತಾನು ಪಾಪಿ ಅಂತ ನಂಬಿರೋರಿಗೆ ಮನೆಯವರೇ ಸಾಕ್ಷಿ ಹೇಳಿದ ಹಾಗಾಗುತ್ತೆ.

ತೋಟದಮನೆ_ಮಗಳು:

ತಡವಾಗಿ ಅಪ್‌ಡೇಟ್ ಹಾಕ್ತಿದೀನಿ. ಅಡ್ಮಿಟ್ ಮಾಡಿದ್ವಿ. ನಿದ್ದೆಗೆ ಅಂತ ಹೇಳಿ ಹೊರಡಿಸಿದ್ವಿ, ದಾರೀಲಿ ಖಾಕಿ ಹಾಕಿದ ಫಾರೆಸ್ಟ್ ಗಾರ್ಡ್ ಕಂಡು ಸ್ವಲ್ಪ ಕಷ್ಟ ಆಯ್ತು, ಆದ್ರೆ ತಲುಪಿದ್ವಿ. ಹಾಳೆ ಕೊಟ್ಟೆ, ಡಾಕ್ಟ್ರು ಓದಿ ಅಮ್ಮನ್ನ ನಿಧಾನಕ್ಕೆ ಕೇಳ್ತಾ ಹೋದ್ರು, ಅಮ್ಮ ಎಲ್ಲ ಹೇಳಿದ್ರು, ನಮಗೇ ಗೊತ್ತಿಲ್ಲದ್ದೂ ಇತ್ತು. ಬಿ12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್, ಆದ್ರೆ ಅದೊಂದೇ ಕಾರಣ ಅಲ್ಲ ಅಂದ್ರು. ಎರಡು ಮಾತ್ರೆ, ಜೊತೆಗೆ ಇಸಿಟಿ ಶುರುವಾಗಿದೆ. ಅಪ್ಪ ಮೊದಲ ಸಲ ಬಾಗಿಲ ಹೊರಗೇ ನಿಂತಿದ್ರು, ಅಷ್ಟು ಬೇಗ ವಾಪಸ್ ಕರ್ಕೊಂಡು ಬಂದ್ರಲ್ಲ ಅಂತ ಅವರಿಗೆ ನಂಬಕ್ಕಾಗಿಲ್ಲ.

ಈಗ ಊಟ ಮಾಡ್ತಾರೆ. ಅಜ್ಜಿ ಧ್ವನಿ ನಿಂತಿದೆಯಂತೆ. ಪೊಲೀಸ್ ಬರ್ತಾರೇನೋ ಅಂತ ಆಗಾಗ ಕೇಳ್ತಾರೆ, ಮುಂಚೆ ಥರ ಖಡಾಖಂಡಿತ ಅಲ್ಲ. ಆದ್ರೆ ಹಗಲೆಲ್ಲ ತೂಕಡಿಕೆ, ಶುಗರ್ ಬಾರ್ಡರ್‌ಗೆ ಬಂದಿದೆ. ಹುಷಾರಾದ ಮೇಲೆ ಆ ಸೈಕೋಸಿಸ್ ಮಾತ್ರೆ ನಿಲ್ಲಿಸ್ಬಹುದಾ? ಅಣ್ಣ ಈಗ್ಲೇ ಕೇಳ್ತಿದಾನೆ.

ಅಂಕಿ_ಕಾಫಿ:

2019ರಲ್ಲಿ ಇದನ್ನೇ ನೋಡಿದಾರೆ. ಹುಷಾರಾದ 126 ಜನರಲ್ಲಿ ಅರ್ಧ ಜನಕ್ಕೆ ಓಲಾಂಜಪಿನ್ ಮುಂದುವರಿಸಿದ್ರು, ಉಳಿದವರಿಗೆ ಅದನ್ನ ನಿಧಾನಕ್ಕೆ ತೆಗೆದು ಔಷಧಿ ಇಲ್ಲದ ಡಮ್ಮಿ ಮಾತ್ರೆ, ಸರ್ಟ್ರಾಲಿನ್ ಎಲ್ಲರಿಗೂ ಇತ್ತು. 36 ವಾರದಲ್ಲಿ ಮುಂದುವರಿಸಿದವರಲ್ಲಿ ಸುಮಾರು 20% ಜನಕ್ಕೆ ಮರುಕಳಿಸಿತು, ನಿಲ್ಲಿಸಿದವರಲ್ಲಿ 55%. ತೂಕ ಮಾತ್ರ ಮುಂದುವರಿಸಿದವರಿಗೆ ಜಾಸ್ತಿ ಆಯ್ತು.

ಮನೋವೈದ್ಯೆ_ವಿರಾಜಪೇಟೆ:

ಒಳ್ಳೇ ಸುದ್ದಿ. ಅಣ್ಣಂಗೆ ಹೇಳಿ, ನಿಲ್ಲಿಸೋ ಮಾತು ಇನ್ನೂ ಎಷ್ಟೋ ತಿಂಗಳ ಆಚೆ, ಅದೂ ಡಾಕ್ಟ್ರೇ ಸ್ವಲ್ಪ ಸ್ವಲ್ಪ ಇಳಿಸ್ತಾ ಬರ್ತಾರೆ, ಡಿಪ್ರೆಶನ್ ಮಾತ್ರೆ ಅದಕ್ಕಿಂತ ಉದ್ದಕ್ಕೆ ಇರುತ್ತೆ. ಇಸಿಟಿಯಲ್ಲಿ ಹುಷಾರಾದವರೂ ಆಮೇಲೆ ಮಾತ್ರೆ ತಗೊಳ್ಳದಿದ್ರೆ ತಿಂಗಳುಗಳಲ್ಲೇ ವಾಪಸ್ ಬರೋದು ತುಂಬಾ ಸಾಮಾನ್ಯ. ತೂಕಡಿಕೆಗೆ ಮಾತ್ರೆ ಹೊತ್ತು ರಾತ್ರಿಗೆ ಬದಲಾಯಿಸಕ್ಕಾಗುತ್ತಾ, ಡೋಸ್ ಇಳಿಸಬಹುದಾ ಅಂತ ಕೇಳಿ. ಶುಗರ್, ಕೊಬ್ಬು, ತೂಕ ಆಗಾಗ ನೋಡಿಸ್ತಾ ಇರಿ, ಈ ವಯಸ್ಸಲ್ಲಿ ಡಿಪ್ರೆಶನ್ ಮಾತ್ರೆಗೆ ಸೋಡಿಯಂ ಇಳಿಯೋದೂ ಇದೆ, ದಿಢೀರ್ ಗೊಂದಲ, ವಾಂತಿ, ವಿಪರೀತ ಸುಸ್ತು ಕಂಡ್ರೆ ಅವತ್ತೇ ರಕ್ತ ಪರೀಕ್ಷೆ. ರಾತ್ರಿ ಎದ್ದಾಗ ಬೀಳದ ಹಾಗೆ ಒಂದು ಸಣ್ಣ ದೀಪ, ಕರೆಂಟ್ ಹೋದ್ರೂ ಉರಿಯೋದು.

ಇನ್ನೊಂದು, ಚೇತರಿಕೆಯ ಮಧ್ಯದ ವಾರಗಳಲ್ಲಿ ಕಾವಲು ಸಡಿಲ ಮಾಡ್ಬೇಡಿ, ಮೈಗೆ ಶಕ್ತಿ ಬಂದಿರುತ್ತೆ, ಮನಸ್ಸು ಇನ್ನೂ ಪೂರ್ತಿ ಬಂದಿರಲ್ಲ. ಡಿಸ್ಚಾರ್ಜ್ ಆದ ಮೇಲೂ ಕೋವಿ ಸ್ಟೇಷನ್ನಲ್ಲೇ ಇರ್ಲಿ.

ರೈಟರ್_ಮಾವ:

ಕೈಲ್‌ಪೊಳ್ದ್‌ಗೆ ಅಪ್ಪ ಕೇಳಿದ್ರೆ ನನ್ನ ಹತ್ರ ಫೋನ್ ಕೊಡಿ, ನಾನು ಮಾತಾಡ್ತೀನಿ.